ದೊಡ್ಡಮ್ಮನ ಕತ್ತಿನ ಅವಸರದ ಚಿತ್ರ

ದೊಡ್ಡಮ್ಮ ನನ್ನನ್ನು ಬೈಯುತ್ತಿದ್ದವಳು ನಡುವೆ ನಿಂತುಬಿಟ್ಟಳು. ಇಷ್ಟು ಖಚಿತ. ಯಾಕೆ ಬೈಯುತ್ತಿದ್ದಳು ಎಂಬುದಕ್ಕೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಮೊಸರಿನ ಪಾತ್ರೆ ಮುಚ್ಚದೆ ಬಿಟ್ಟಿದ್ದೆ. ಇನ್ನೊಂದರಲ್ಲಿ ಹಿತ್ತಲ ಬಾಗಿಲು. ಎರಡರಲ್ಲೂ ತಪ್ಪು ನನ್ನದೇ, ಮೊಸರು ಕುಡಿದ ಬೆಕ್ಕೂ ಒಂದೇ.

"ನಿನ್ಗೆ ಬುದ್ಧಿ ಅನ್ನೋದು..." ಅಂದಳು. ಮುಂದಿನ ಪದ ಬರಲಿಲ್ಲ. ಬಲಗೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಬಾಯಿ ತೆರೆದೇ ಇತ್ತು. ನಾನು ಮೊದಲು ಅಂದುಕೊಂಡದ್ದು ಬೈಗುಳದ ದಾಸ್ತಾನು ಮುಗಿಯಿತು ಎಂದು. ಅದು ಮುಗಿಯುವಂಥದ್ದಲ್ಲ ಎಂಬುದು ಹೊಳೆದ ಮೇಲೆ ಹೆದರಿಕೆಯಾಯಿತು.

ಸ್ವಲ್ಪ ಹೊತ್ತಿನಲ್ಲಿ ಮಾತು ವಾಪಸ್ಸು ಬಂತು. ನಿಂತ ಪದದಿಂದಲೇ ಬೈಗುಳವನ್ನು ಮುಂದುವರಿಸಿದಳು ಎಂದು ನಾನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕೇಳಲು ಚೆನ್ನಾಗಿದೆ. ಅಷ್ಟು ಚೆನ್ನಾಗಿರುವ ನೆನಪನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಅವಳು ಮೊದಲು ಕೇಳಿದ್ದು ನೀರು ಇರಬೇಕು. ಅಥವಾ ಏನೂ ಕೇಳದೆ, ಬಿದ್ದ ಸೌಟು ಯಾರದೋ ಎಂಬಂತೆ ನೋಡುತ್ತ ಕೂತಿದ್ದಿರಬೇಕು.

ಅವಳು ನನ್ನ ತಾಯಿಯ ಅಕ್ಕ. ಹುಟ್ಟಿದ್ದು ಹೆಡತಲೆಯಲ್ಲಿ, ಟಿ. ನರಸೀಪುರದ ನಮ್ಮ ಮನೆಯಲ್ಲಿ ನನಗೆ ನೆನಪು ಶುರುವಾಗುವ ಮೊದಲಿನಿಂದಲೂ ಇದ್ದಾಳೆ. ಆ ಮನೆ ನಡೆಯುವುದು ಅವಳ ದನಿಯ ಮೇಲೆ. ಯಾರು ಯಾವಾಗ ಏಳಬೇಕು, ಯಾವ ಗಿಡಕ್ಕೆ ನೀರು ಬೇಡ, ಯಾರ ಮದುವೆಗೆ ಯಾರು ಹೋಗದಿದ್ದರೆ ಒಳ್ಳೆಯದು, ಎಲ್ಲವೂ ಅಡಿಗೆಮನೆಯಿಂದ ಪ್ರಸಾರವಾಗುತ್ತದೆ. ನಾನು ಬರೆಯುವವನು. ಅಂದರೆ ಅವಳ ಪ್ರಕಾರ, ಮನೆಯಲ್ಲೇ ಇದ್ದರೂ ಕೆಲಸಕ್ಕೆ ಸಿಗದವನು.

ಮೈಸೂರಿನ ನರರೋಗದ ಡಾಕ್ಟರು ಅವಳ ಕೈಕಾಲು ಬಡಿದು ನೋಡಿ, ತಲೆಗೆ ರಕ್ತ ಒಯ್ಯುವ ಎಡಗತ್ತಿನ ನಾಳ ಕಟ್ಟಿಕೊಂಡಿರಬಹುದು ಎಂದರು. ಬಹಳ ಕಟ್ಟಿಕೊಂಡಿದ್ದರೆ ಕತ್ತು ಕೊಯ್ದು ಚೊಕ್ಕಟ ಮಾಡಬೇಕು. ಅವಳ ವಯಸ್ಸಿಗೆ, ಸೋತ ಕಿಡ್ನಿಗೆ ಅದು ಸಣ್ಣ ವಿಷಯವಲ್ಲ. ಕೊಯ್ಯಬೇಕಾದದ್ದನ್ನು ಕೊಯ್ಯದೆ ಬಿಟ್ಟರೆ ಮುಂದಿನ ಸಲ ಹೋದದ್ದು ವಾಪಸ್ಸು ಬರದೆ ಇರಬಹುದು.

"ಓಗೋದು ಏನು? ಕೈಯಾ, ಬಾಯಾ?" ದೊಡ್ಡಮ್ಮ ಕೇಳಿದಳು.

"ಎರಡೂ ಹೋಗಬಹುದಮ್ಮ."

"ಕೈ ಓದ್ರೆ ಓಗ್ಲಿ, ಇವನವ್ನೆ. ಬಾಯಿ ಓದ್ರೆ ಇವನ್ನ ಕಾಯೋರ್ಯಾರು?"

ಡಾಕ್ಟರು ನನ್ನನ್ನು ನೋಡಿದರು. ನನ್ನ ತಲೆಯಲ್ಲಿ ಬೆಳ್ಳಿ ಕೂದಲು ಅವಳಿಗಿಂತ ಹೆಚ್ಚು.

ಕೊಯ್ಯಬೇಕೋ ಬೇಡವೋ ತೀರ್ಮಾನವಾಗಲು ನಾಳದ ಚಿತ್ರ ಬೇಕು. ಕಿಡ್ನಿಯ ಕಾರಣಕ್ಕೆ, ನಾಳ ಎದ್ದು ಕಾಣುವಂತೆ ಮಾಡುವ ಔಷಧಿಯನ್ನು ಚುಚ್ಚುವಂತಿಲ್ಲ. ಆದ್ದರಿಂದ ಚುಚ್ಚದೆ ತೆಗೆಯುವ ಎಂಆರ್‌ಐ. ಅದು ನಿಧಾನ. ನಂಜನಗೂಡಿನ ಸ್ಕ್ಯಾನ್ ಸೆಂಟರಿನಲ್ಲೇ ಮಾಡಿಸಿ ಅಂದರು.

ಹೋದದ್ದು ಸೋಮವಾರ ಎಂದು ಬರೆದು ಹೊಡೆದುಹಾಕಿದೆ. ಸೋಮವಾರ ಅವಳು ನಂಜನಗೂಡಿಗೆ ಹೋಗುವುದು ದೇವಸ್ಥಾನಕ್ಕೆ, ನನ್ನ ತಲೆ ಎರಡನ್ನೂ ಸೇರಿಸಿ ಹೊಲಿದಿರಬೇಕು. ವಾರ ಖಾಲಿ ಇರಲಿ.

ಸ್ಕ್ಯಾನ್ ಮಾಡುವ ಟೆಕ್ನೀಷಿಯನ್ ಒಬ್ಬಳು ಹುಡುಗಿ. ನಗು ತಡೆಯಲು ತುಟಿಯ ಒಂದು ಮೂಲೆಯನ್ನು ಕಚ್ಚಿಕೊಳ್ಳುವ ಅಭ್ಯಾಸ ಆಕೆಗೆ.

"ಅಜ್ಜಿ, ಮೈಮೇಲೆ ಲೋಹ ಏನೂ ಇರಬಾರ್ದು. ಯಂತ್ರ ಅಯಸ್ಕಾಂತ."

"ಅಜ್ಜಿ ಅನ್ಬೇಡ. ಯಾವೂರವ್ವ ನಿಂದು?"

"ಬದನವಾಳು."

ಬದನವಾಳು ಅಂದರೆ ನಮ್ಮ ಕಡೆ ಖಾದಿ ನೆನಪಾಗುವವರಿದ್ದಾರೆ, ಹಳೆಯ ಜಾತಿ ಗಲಭೆ ನೆನಪಾಗುವವರೂ ಇದ್ದಾರೆ. ದೊಡ್ಡಮ್ಮ ಖಾದಿಯನ್ನು ಆರಿಸಿಕೊಂಡಳು.

"ನಮ್ಮೆಜಮಾನ್ರು ಅಲ್ಲಿಂದ್ಲೇ ಪಂಚೆ ತರ್ತಿದ್ರು. ತೊಳುದ್ರೆ ಗೋಣಿ ಚೀಲ ಆಗೋದು."

"ಈಗ್ಲೂ ಅಂಗೇ ಅವ್ವ," ಅಂದಳು ಹುಡುಗಿ.

ಓಲೆ ಬಂತು, ಮೂಗುಬೊಟ್ಟು ಸೋಪು ಹಚ್ಚಿದ ಮೇಲೆ ಬಂತು. ಕೊನೆಗೆ ಉಳಿದದ್ದು ಎದೆಯ ಮೇಲಿನ ಬೆಳ್ಳಿ ಕರಡಿಗೆ. ಅದರೊಳಗೆ ಅವಳ ಲಿಂಗ. ನಮ್ಮಲ್ಲಿ ಕಟ್ಟಿಕೊಂಡ ಲಿಂಗ ಮೈಯನ್ನು ಬಿಟ್ಟಿರುವಂತಿಲ್ಲ. ಸ್ನಾನಕ್ಕೂ ಇಲ್ಲ, ನಿದ್ದೆಗೂ ಇಲ್ಲ. ನನ್ನದು ಎಲ್ಲಿದೆ ಎಂದು ಈ ಬರಹದಲ್ಲಿ ಕೇಳಬೇಡಿ, ಅವಳು ಮನೆಯಲ್ಲಿ ಕೇಳುತ್ತಾಳೆ.

"ಇದ್ನ ಬಿಚ್ಚಾಕಿಲ್ಲ."

"ಬೆಳ್ಳಿ ಬಿಚ್ಲೇಬೇಕು ಅವ್ವ."

"ಬೆಳ್ಳಿ ತಕ್ಕೊ, ಯಾರ್ ಬೇಡ ಅಂದ್ರು? ಒಳಗಿರೋ ಶಿವ ನನ್ಜೊತೆ ಬತ್ತನೆ."

ಹುಡುಗಿ ಸ್ವಲ್ಪ ಯೋಚಿಸಿ, ಮೇಜಿನ ಖಾನೆಯಿಂದ ಕೈಯಲ್ಲಿ ಹಿಡಿಯುವ ಅಯಸ್ಕಾಂತವೊಂದನ್ನು ತಂದಳು. ದೊಡ್ಡಮ್ಮ ಕರಡಿಗೆ ತೆರೆದು ಕಪ್ಪು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಚಾಚಿದಳು. ಹುಡುಗಿ ಮುಟ್ಟದೆ, ಅಯಸ್ಕಾಂತವನ್ನು ಅದರ ಮೇಲೆ ಆರತಿಯಂತೆ ಸುತ್ತಿಸಿದಳು. ಲಿಂಗ ಮಿಸುಕಲಿಲ್ಲ. ಪಕ್ಕದಲ್ಲಿದ್ದ ಕರಡಿಗೆಯ ಕೊಕ್ಕೆ ಮಾತ್ರ ಟಕ್ಕನೆ ಹಾರಿ ಅಂಟಿಕೊಂಡಿತು.

"ಕೊಕ್ಕೆ ಬೆಳ್ಳಿ ಅಲ್ಲ ಕಣವ್ವ ಇದು, ಕಬ್ಬಿಣ," ಅಂದಳು ಹುಡುಗಿ.

ದೊಡ್ಡಮ್ಮ, ಆ ಕರಡಿಗೆ ಮಾಡಿಸಿಕೊಟ್ಟು ತೀರಿಹೋದ ದೊಡ್ಡಪ್ಪನನ್ನು ಉದ್ದೇಶಿಸಿ ಸೀಲಿಂಗಿನ ಕಡೆ ಒಂದು ಮಾತು ಆಡಿದಳು. ಅದನ್ನು ಬರೆಯುವುದಿಲ್ಲ.

ಲಿಂಗವನ್ನು ಅಂಗೈಯಲ್ಲೇ ಹಿಡಿದು ಮಲಗಬಹುದು ಎಂದು ಒಪ್ಪಂದವಾಯಿತು. ಅಲ್ಲಾಡಬಾರದು, ಮಾತಾಡಬಾರದು, ಉಗುಳು ನುಂಗುವುದನ್ನೂ ಕಡಿಮೆ ಮಾಡಬೇಕು. ಮಾತು ಉಳಿಯಬೇಕಾದರೆ ಮಾತು ನಿಲ್ಲಿಸಬೇಕು ಎಂದು ನಾನೂ ಸೇರಿಸಿದೆ. ನನಗದು ಬಹಳ ಚಮತ್ಕಾರದ ವಾಕ್ಯವಾಗಿ ಕಂಡಿತ್ತು.

"ನೀನು ಮೊದ್ಲು ನಿಲ್ಸು," ಅಂದಳು.

ಕೊರಳ ಸುತ್ತ ಪ್ಲಾಸ್ಟಿಕ್ಕಿನ ಪಂಜರವೊಂದನ್ನು ಕೂರಿಸಿ ಅವಳನ್ನು ಸುರಂಗದೊಳಗೆ ಜಾರಿಸಿದರು. ಗಾಜಿನ ಈಚೆ, ಕಂಪ್ಯೂಟರಿನ ಹತ್ತಿರ ನನಗೊಂದು ಕುರ್ಚಿ ಸಿಕ್ಕಿತು. ಯಂತ್ರ ಕುಟ್ಟಲು ಶುರುಮಾಡಿತು, ತಗಡಿನ ಬಾಗಿಲನ್ನು ಯಾರೋ ಸಿಟ್ಟಿನಿಂದ ಬಡಿಯುವ ಹಾಗೆ.

ಪರದೆಯ ಮೇಲೆ ಬಂದ ಮೊದಲ ಚಿತ್ರ ನೋಡಿ ಹುಡುಗಿ ತುಟಿ ಕಚ್ಚಿಕೊಂಡಳು. ಈ ಸಲ ನಗುವಿಗಲ್ಲ. ನಾಳ ಇರಬೇಕಾದ ಕಡೆ, ಕರಗಿ ಇಳಿದ ಮೇಣದಂಥದ್ದು ಇತ್ತು. ಮೈಕ್ ಒತ್ತಿ ಕೇಳಿದಳು: "ಅವ್ವ, ಮಾತಾಡ್ತಿದೀರಾ?"

"ನಾನೆಲ್ ಮಾತಾಡ್ದೆ? ಪೂಜೆ ಮಾಡ್ತಾವ್ನಿ."

ಆಗ ನನಗೆ ಹೊಳೆಯಿತು. ಅಂಗೈಗೆ ಲಿಂಗ ಬಂತೆಂದರೆ ಪೂಜೆ ಶುರುವಾಯಿತು ಎಂದರ್ಥ. ದೊಡ್ಡಮ್ಮ ಹುಡುಗಿಯಾಗಿದ್ದಾಗಿನಿಂದ ದಿನಾ ಬೆಳಿಗ್ಗೆ ಹಾಗೇ ಆಗಿದೆ. ಲಿಂಗ ಕೈಗೆ, ಕಣ್ಣು ಲಿಂಗಕ್ಕೆ, ತುಟಿ ಮಂತ್ರಕ್ಕೆ. ಅವಳನ್ನು ಯಾರೂ ಕೇಳಬೇಕಾಗಿಲ್ಲ, ಅವಳೂ ತನ್ನನ್ನು ಕೇಳಿಕೊಳ್ಳಬೇಕಾಗಿಲ್ಲ. ಓಂ ನಮಃ ಶಿವಾಯ ಎನ್ನುವಾಗ ದವಡೆ, ನಾಲಿಗೆ, ಗಂಟಲು ಎಲ್ಲವೂ ಸ್ವಲ್ಪ ಸ್ವಲ್ಪ ಅಲ್ಲಾಡುತ್ತವೆ. ಯಂತ್ರ ಅಷ್ಟನ್ನೂ ನಿಷ್ಠೆಯಿಂದ ಹಿಡಿದು ನಾಳದ ಮೇಲೆ ಬಳಿದಿತ್ತು.

ಹೊರಗೆ ತಂದರು.

"ಅವ್ವ, ಲಿಂಗಾನ ಬಟ್ಟೇಲಿ ಸುತ್ತಿ ತೋಳಿಗೆ ಕಟ್ಕೊಂಡ್ರೆ ಆಗಲ್ವಾ?"

"ಆಯ್ತದೆ. ಕಟ್ಕಂಡ್ರೆ ಪೂಜೆ ಮುಗೀತು ಅಂತ."

"ಹಂಗಾದ್ರೆ ಕಟ್ಕೊಳ್ಳಿ."

"ಮುಗ್ಯದೆ ಎಂಗ್ ಕಟ್ಕಳ್ಳದು? ಅರ್ಧಕ್ಕೇ ಎಬ್ಬುಸ್ಬುಟ್ಟಲ್ಲ ನೀನು."

ಹೀಗೆ, ಜಗತ್ತಿನಲ್ಲಿ ಯಾರು ಯಾರೋ ತಲೆ ಕೆಡಿಸಿಕೊಂಡು ವೇಗಗೊಳಿಸುತ್ತಿರುವ ಒಂದು ಯಂತ್ರ, ನಂಜನಗೂಡಿನಲ್ಲಿ ದೊಡ್ಡಮ್ಮನ ಪೂಜೆ ಮುಗಿಯಲೆಂದು ಕಾಯುತ್ತ ನಿಂತಿತು. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ, ಸೆಂಟರಿನ ಹಸಿರು ಗೌನಿನಲ್ಲಿ ಕೂತು ಅವಳು ಮೊದಲಿನಿಂದ ಶುರುಮಾಡಿದಳು. ಬ್ಯಾಗಿನಿಂದ ವಿಭೂತಿ ಗಟ್ಟಿ ತೆಗೆದುಕೊಟ್ಟೆ. ಹುಡುಗಿ ಕಾಗದದ ಲೋಟದಲ್ಲಿ ನೀರು ತಂದಿಟ್ಟಳು. ಹೊರಗೆ ಮಂಡಿ ನೋವಿಗೆ ಸರದಿ ಕಾಯುತ್ತಿದ್ದ ಗೌಡರೊಬ್ಬರು ಇಣುಕಿ, "ಬೇಗ್ನೆ ಆಯ್ತದೆ ಅಂದಿದ್ರಲ್ಲ ಸಾ?" ಎಂದು ನನ್ನನ್ನೇ ಕೇಳಿದರು. ನಾನು ಸೆಂಟರಿನವನಂತೆ, "ಐದೇ ನಿಮಿಷ" ಅಂದೆ. ಹೇಳಿದವರು ಯಾರೇ ಆದರೂ ಐದು ನಿಮಿಷದ ಅರ್ಥ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅವರು ಹೋಗಿ ಕಾಫಿ ಕುಡಿದು ಬಂದರು.

ಆ ಬಿಡುವಿನಲ್ಲಿ ಹುಡುಗಿ, ಸ್ಕ್ಯಾನ್ ಓದುವ ಡಾಕ್ಟರಿಗೆ ಒಳಗಿನ ಫೋನಿನಲ್ಲಿ ವಿಷಯ ತಿಳಿಸಿದಳು. ಪೂರ್ತಿ ಸ್ಕ್ಯಾನ್ ಬಿಡಿ, ವೇಗದ್ದು ಮಾಡಿ ಎಂದು ಅಪ್ಪಣೆಯಾಯಿತು. ಪೂಜೆ ಮುಗಿದರೂ ಈ ಬಾಯಿಯನ್ನು ಅಷ್ಟು ಹೊತ್ತು ನಂಬುವಂತಿಲ್ಲ ಎಂದು ಅವರಿಗೂ ಅನ್ನಿಸಿರಬೇಕು.

"ವೇಗದ್ದು ಅಂದ್ರೆ?" ನಾನು ಕೇಳಿದೆ.

"ಹಳೇ ಕ್ರಮದಲ್ಲಿ ಯಂತ್ರ ಒಂದನ್ನೂ ಬಿಡದೆ ಅಳೆಯುತ್ತೆ ಸಾ. ಇದ್ರಲ್ಲಿ ಅಲ್ಲಲ್ಲಿ ಬಿಟ್ಟು ಬಿಟ್ಟು ಅಳೆಯುತ್ತೆ. ಬಿಟ್ಟಿದ್ದನ್ನ ಕಂಪ್ಯೂಟರು ಲೆಕ್ಕ ಹಾಕಿ ತುಂಬುತ್ತೆ."

ನನಗೆ ಮೈ ಉರಿಯಿತು. ಬಿಟ್ಟುಹೋದದ್ದನ್ನು ಅಂದಾಜಿನಿಂದ ತುಂಬಿ ನಯಗೊಳಿಸುವ ನೆನಪೆಂಬ ಕಸುಬುದಾರನ ವಿರುದ್ಧ ನಾನು ಪುಸ್ತಕಗಟ್ಟಲೆ ಬರೆದಿದ್ದೇನೆ. ಇಲ್ಲಿ ನೋಡಿದರೆ ಅದೇ ಕಸುಬಿಗೆ ಡಾಕ್ಟರೇ ಅಪ್ಪಣೆ ಕೊಡುತ್ತಿದ್ದಾರೆ.

"ಅಂದ್ರೆ ಊಹೆ."

"ಸುಮ್ಸುಮ್ನೆ ಊಹೆ ಅಲ್ಲ ಸಾ. ಕತ್ಲಾದ್ಮೇಲೆ ಮುಡುಕುತೊರೆ ಬೆಟ್ಟದಿಂದ ಕೆಳಗೆ ನೋಡಿದೀರಾ? ಎಲ್ಲಾ ಕಪ್ಪು, ರಸ್ತೆ ದೀಪ ಮಾತ್ರ ಕಾಣ್ತವೆ. ನಾಳದ ಚಿತ್ರವೂ ಹಂಗೇ. ಹರಿಯೋ ರಕ್ತ ಬೆಳಗುತ್ತೆ, ಮಿಕ್ಕಿದ್ದು ಕಪ್ಪು. ನಾಲ್ಕು ದೀಪ ನೋಡಿದ್ರೆ ರಸ್ತೆ ಎಲ್ಲಿ ತಿರುಗುತ್ತೆ ಅಂತ ಗೊತ್ತಾಗಲ್ವಾ?"

"ನಡುವೆ ಒಂದು ದೀಪ ಕೆಟ್ಟಿದ್ರೆ?"

"ಅದನ್ನೇ ಅಲ್ವಾ ಸಾ ನಾವು ಹುಡುಕ್ತಿರೋದು?" ತುಟಿ ಕಚ್ಚಿಕೊಂಡಳು. "ನೀವು ಬರೀತೀರಂತೆ, ಅವ್ವ ಹೇಳಿದ್ರು. ನೀವು ತುಂಬಲ್ವಾ?"

"ಇಲ್ಲ. ಗೊತ್ತಿಲ್ಲದ ಕಡೆ ಖಾಲಿ ಬಿಡ್ತೀನಿ."

"ನಾನು ಖಾಲಿ ಬಿಟ್ಟು ಕೊಟ್ರೆ ಡಾಕ್ಟ್ರು ಬೈತಾರೆ ಸಾ. ನಿಮ್ಮೋರು ಏನೂ ಅನ್ನಲ್ವಾ?"

ಓದುಗರು ಬೈಯಲು ಮೊದಲು ಓದಬೇಕಲ್ಲ ಎಂದು ನಾನು ಹೇಳಿದೆನೆಂದು ನೆನಪು. ಹೇಳಿರಲಾರೆ. ಇಷ್ಟು ಜಾಣತನದ ಉತ್ತರ ನನಗೆ ಹೊಳೆಯುವುದು ಮನೆಗೆ ಬಂದ ಮೇಲೆ.

ಪೂಜೆ ಮುಗಿಯಿತು. ದೊಡ್ಡಮ್ಮ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎಡತೋಳಿಗೆ ಕಟ್ಟಿಸಿಕೊಂಡಳು. ಮತ್ತೆ ಸುರಂಗ, ಮತ್ತೆ ಕುಟ್ಟು. ಈ ಸಲ ಒಂದು ಹನುಮಂತನ ಪಟ ನೋಡಿಕೊಂಡಿರುವಷ್ಟು ಹೊತ್ತಿನಲ್ಲಿ ಮುಗಿದೇಹೋಯಿತು. ಗೋಡೆಯ ಮೇಲೆ ಹನುಮಂತನ ಪಟವೊಂದಿತ್ತು. ಇತ್ತೆಂದೇ ಇಟ್ಟುಕೊಳ್ಳಿ.

ಪರದೆಯ ಮೇಲೆ ಕಪ್ಪಿನ ನಡುವೆ ಅವಳ ಕತ್ತು ಮೂಡಿತು. ಎರಡೂ ಬದಿ ಕೆಳಗಿನಿಂದ ಬೆಳ್ಳಗೆ ಏರುವ ನಾಳಗಳು. ದವಡೆಯ ಕೆಳಗೆ ಒಂದೊಂದೂ ಎರಡಾಗಿ ಕವಲೊಡೆಯುತ್ತಿತ್ತು. ಸುಂದರವಾಗಿತ್ತು. ಇಷ್ಟು ವರ್ಷ ಆ ಕತ್ತಿನಿಂದ ನನಗಾಗಿ ಹೊರಟ ಮಾತುಗಳನ್ನು ನೆನೆದರೆ, ಒಳಗೆ ಇಷ್ಟು ತೆಳುವಾದ ಸಾಮಾನಿದೆ ಎಂದು ಯಾರೂ ಅನ್ನುತ್ತಿರಲಿಲ್ಲ.

ಎಡಗಡೆ ಕವಲಿನಲ್ಲಿ ಬಿಳುಪು ತುಂಡಾಗಿತ್ತು. ಕೆಳಗೆ ನಾಳ, ಮೇಲೆ ನಾಳ, ನಡುವೆ ಉಗುರಿನ ತುದಿಯಷ್ಟು ಕಪ್ಪು.

ಹುಡುಗಿ ಚಿತ್ರವನ್ನು ತಿರುಗಿಸಿದಳು, ಹಿಗ್ಗಿಸಿದಳು. ಕಪ್ಪು ಹಾಗೇ ಇತ್ತು.

"ಇದು ಅಳೆದಿದ್ದಾ, ತುಂಬಿದ್ದಾ?" ನನ್ನ ದನಿ ಜೋರಾಗಿತ್ತು.

"ನಾನು ಹೇಳೋ ಹಂಗಿಲ್ಲ ಸಾ. ಡಾಕ್ಟ್ರು ನೋಡ್ತಾರೆ."

"ನಿಮಗೆ ಏನನ್ನಿಸುತ್ತೆ?"

"ಡಾಕ್ಟ್ರು ನೋಡ್ತಾರೆ ಸಾ."

ಆ ಕಪ್ಪು ನಿಜವಾಗಿದ್ದರೆ ದೊಡ್ಡಮ್ಮನ ಕತ್ತು ಕೊಯ್ಯಬೇಕು. ಸುಳ್ಳಾಗಿದ್ದರೆ, ಒಂದು ಲೆಕ್ಕದ ತಪ್ಪಿಗೆ ಕತ್ತು ಕೊಯ್ಯಿಸಿಕೊಂಡಂತಾಗುತ್ತದೆ. ಖಾಲಿ ಜಾಗವನ್ನು ಅಷ್ಟು ಹೊಗಳಿದವನು ನಾನು, ಆ ಉಗುರಿನ ತುದಿಯಷ್ಟು ಖಾಲಿಯನ್ನು ಏನಾದರೂ ಹಾಕಿ ತುಂಬಿಸಿ ಎಂದು ಆ ಹುಡುಗಿಯ ಕಾಲು ಹಿಡಿಯುವುದೊಂದು ಬಾಕಿ.

ದೊಡ್ಡಮ್ಮ ಸೀರೆ ಉಟ್ಟು ಹೊರಗೆ ಬಂದು ಪರದೆಯ ಮುಂದೆ ನಿಂತಳು. "ಇದು ನಾನಾ?"

"ಹೂಂ ಅವ್ವ. ಒಳಗಿನ ರಕ್ತ."

"ಪರ್ವಾಗಿಲ್ವೇ. ಬೆಳ್ಗವ್ನಿ."

ಸ್ಕ್ಯಾನ್ ಓದುವ ಡಾಕ್ಟರು ವಯಸ್ಸಾದವರು, ಮೆಲುಮಾತಿನವರು. ಚಿತ್ರವನ್ನು ಪದರ ಪದರವಾಗಿ ಬಿಡಿಸಿ ನೋಡಿ ನನಗೆ ವಿವರಿಸಿದರು. ಅನುಮಾನ ಪಡುತ್ತಿರುವುದು ಸರಿ, ಆದರೆ ಪಡುತ್ತಿರುವ ಜಾಗ ತಪ್ಪು ಅಂದರು. ಯಂತ್ರ ತುಂಬಿದ ಕಡೆ ಮೋಸವಿರಲಿಲ್ಲ. ಪೂರ್ತಿ ಅಳೆದಿದ್ದರೂ ಅಲ್ಲಿ ಕಪ್ಪೇ ಬರುತ್ತಿತ್ತು. ನೇರವಾಗಿ ಹರಿಯುವ ರಕ್ತ ಬೆಳ್ಳಗೆ ಕಾಣುತ್ತದೆ, ಸುಳಿ ಸುತ್ತುವ ರಕ್ತ ಮಂಕಾಗುತ್ತದೆ. ನಾಳ ಇಕ್ಕಟ್ಟಾದ ಕಡೆ, ಕವಲೊಡೆಯುವ ಕಡೆ ಸುಳಿ ಹೆಚ್ಚು.

"ನರಸೀಪುರದವರಲ್ವಾ ನೀವು? ಕಪಿಲೆ ಕಾವೇರಿಗೆ ಸೇರುವ ಕಡೆ ನೀರು ಕದಡಿ ಕಪ್ಪಾಗಿ ಕಂಡರೆ ಅಲ್ಲಿ ನದಿ ಇಲ್ಲ ಅಂತ ಅಲ್ಲವಲ್ಲ? ಇಕ್ಕಟ್ಟಿದೆ, ಅದು ನಿಜ. ಇದರಲ್ಲಿ ಕಾಣೋದಕ್ಕಿಂತ ಕಡಿಮೆ ಇರಬಹುದು. ರಕ್ತದ ಓಟ ಅಳೆಯೋ ಡಾಪ್ಲರ್ ಮಾಡಿ ನೋಡೋಣ."

ಪಕ್ಕದ ಕೋಣೆಯಲ್ಲಿ ಕತ್ತಿಗೆ ತಣ್ಣನೆಯ ಜೆಲ್ ಸವರಿ, ಸಣ್ಣದೊಂದು ಉಪಕರಣ ಒತ್ತಿದರು. ಪೆಟ್ಟಿಗೆಯಿಂದ ಸದ್ದು ಬಂತು. ಹುಶ್, ಹುಶ್, ಹುಶ್. ಕವಲಿನ ಹತ್ತಿರ ಬಂದಾಗ ಸದ್ದು ಒರಟಾಯಿತು, ಯಾರೋ ಹಲ್ಲು ಕಚ್ಚಿ ಬೈದ ಹಾಗೆ.

"ಅದ್ಯಾರದು?" ಅಂದಳು ದೊಡ್ಡಮ್ಮ.

"ನೀವೇ ಅಮ್ಮ. ನಿಮ್ಮ ರಕ್ತ."

"ಒಳ್ಗೂ ಬೈತಾ ಇದ್ದೀನಾ?" ಎಂದು ನನ್ನನ್ನು ನೋಡಿದಳು. ನಾನು ನಗಲು ಹೋದೆ. ಡಾಕ್ಟರು ಇನ್ನೂ ಏನೋ ಗೆರೆ ಎಳೆದು ಅಳೆಯುತ್ತಿದ್ದರು. ನಗು ಅಲ್ಲೇ ನಿಂತಿತು.

ಅಳೆದು, ಇನ್ನೊಮ್ಮೆ ಅಳೆದು, ಮೈಸೂರಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಅವರು ನಮ್ಮ ಕಡೆ ತಿರುಗಿದರು. ಕಟ್ಟಿಕೊಂಡಿರುವುದು ಅರ್ಧಕ್ಕಿಂತ ಕಡಿಮೆ. ಕೊಯ್ಯುವುದು ಬೇಡ. ರಕ್ತ ತೆಳುವಾಗಲು, ಕೊಬ್ಬು ಇಳಿಯಲು ಮಾತ್ರೆ, ಆಗಾಗ ಬಂದು ನೋಡಿಸುವುದು. ನನ್ನನ್ನು ಬೇರೆಯಾಗಿ ಕರೆದು, ಮತ್ತೆ ಆಗದೆಂದು ಮಾತು ಕೊಡಲಾರೆ ಎಂದರು. ಮಾತು ನಿಂತರೆ ತಕ್ಷಣ ಎರಡೂ ಕೈ ಎತ್ತಿಸಿ, ನಗಿಸಿ, ಒಂದು ಪೂರ್ತಿ ವಾಕ್ಯ ಹೇಳಿಸಿ. ಯಾವುದು ಸೊಟ್ಟಗಾದರೂ ಕಾಯಬೇಡಿ, ಕರೆದುಕೊಂಡು ಬನ್ನಿ.

ಹೊರಡುವಾಗ ಟೆಕ್ನೀಷಿಯನ್ ಹುಡುಗಿ ದೊಡ್ಡಮ್ಮನಿಗೆ ಏನೋ ಹೇಳಿದಳು, ದೊಡ್ಡಮ್ಮ ಅವಳ ಕೆನ್ನೆ ಹಿಂಡಿದಳು. ನಾನು ಕಾರು ತೆಗೆಯುತ್ತಿದ್ದೆ, ಮಾತು ಕೇಳಿಸಲಿಲ್ಲ. ಖಾಲಿ.

ನರಸೀಪುರದ ರಸ್ತೆ ಹಿಡಿದೆವು. ನನಗೆ ಖುಷಿಯಾಗಿತ್ತು. ಖುಷಿಯಾದಾಗ ನಾನು ಸಿದ್ಧಾಂತ ಹೇಳುತ್ತೇನೆ. ಸುಳಿ ಇರುವ ಕಡೆ ನೆನಪೂ ಕಪ್ಪಾಗುತ್ತದೆ, ಅಲ್ಲಿ ಏನೂ ಇರಲಿಲ್ಲವೆಂದು ನಾವು ತಪ್ಪು ತಿಳಿಯುತ್ತೇವೆ ಎಂದೆಲ್ಲ ಹೇಳುತ್ತ ಬಹಳ ದೂರ ಬಂದ ಮೇಲೆ, ಇಷ್ಟು ಹೊತ್ತಾದರೂ ದೊಡ್ಡಮ್ಮ ನನ್ನನ್ನು ತಡೆದಿಲ್ಲ ಎಂಬುದು ಗಮನಕ್ಕೆ ಬಂತು.

"ದೊಡ್ಡಮ್ಮ?"

ಉತ್ತರವಿಲ್ಲ.

"ದೊಡ್ಡಮ್ಮ, ನೀರು ಬೇಕಾ?"

ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಒಂದು ಬದಿಯ ಕೆನ್ನೆ ಉಬ್ಬಿದಂತಿತ್ತು. ನಾನು ಕಬ್ಬಿನ ಗದ್ದೆಯ ಪಕ್ಕ ಕಾರು ನಿಲ್ಲಿಸಿದೆ, ನಿಲ್ಲಿಸಿದ್ದಕ್ಕಿಂತ ನುಗ್ಗಿಸಿದೆ ಎನ್ನಬೇಕು. ಆ ಕಡೆ ಓಡಿ ಬಾಗಿಲು ತೆಗೆದೆ.

"ಕೈ ಎತ್ತು. ಎರಡೂ ಕೈ."

ನನ್ನನ್ನು ವಿಚಿತ್ರವಾಗಿ ನೋಡಿ ಎತ್ತಿದಳು. ಎರಡೂ ಸಮನಾಗಿ ಮೇಲೆ ಹೋದವು. ರಸ್ತೆಯಲ್ಲಿ ಹೋಗುತ್ತಿದ್ದ ಬೈಕಿನವನು ನಿಧಾನ ಮಾಡಿ, ನೋಡಿ, ಹೋದ.

"ನಗು."

ಬಾಯಿ ಮುಚ್ಚಿಯೇ ನಕ್ಕಳು. ಸೊಟ್ಟಗಿದೆಯೋ ನೆಟ್ಟಗಿದೆಯೋ ಗೊತ್ತಾಗಲಿಲ್ಲ, ನನ್ನ ಕಣ್ಣೇ ಸರಿಯಿರಲಿಲ್ಲ.

"ಏನಾದ್ರೂ ಹೇಳು. ಒಂದು ಪೂರ್ತಿ ವಾಕ್ಯ ಹೇಳು. ದಮ್ಮಯ್ಯ ಅಂತೀನಿ."

ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ, ಬಗ್ಗಿ, ಗದ್ದೆಯ ಬದುವಿನ ಮೇಲೆ ಕೆಂಪಗೆ ಉಗುಳಿದಳು. ರಕ್ತವೆಂದುಕೊಂಡೆ. ಎಲೆ ಅಡಿಕೆ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಲೋ ದಡ್ಡ ಮುಂಡೇದೆ, ಬೆಳಗಿಂದ ಬಾಯಿಗೆ ಬೀಗ ಆಕಿ, ಈಗ ಒಂದೆಲೆ ನೆಮ್ಮದಿಯಾಗಿ ಅಗ್ಯಾಣ ಅಂದ್ರೆ ಬೀದೀಲಿ ನಿಲ್ಸಿ ಕವಾಯ್ತು ಮಾಡುಸ್ತೀಯೇನ್ಲಾ, ಬುದ್ಧಿ ಅನ್ನೋದು ಎಲ್ಲಾದ್ರೂ ಒಸಿಯಾದ್ರೂ ಇದ್ದದಾ ನಿಂಗೆ?"

ಒಂದು ಪದವೂ ಜಾರಿರಲಿಲ್ಲ. ವಾಕ್ಯ ಶುರುವಾದ ಕಡೆಯಿಂದ ಮುಗಿಯಬೇಕಾದ ಕಡೆಗೆ ಎಲ್ಲೂ ತುಂಡಾಗದೆ ಬಂದಿತ್ತು. ನಾನು ಕಾರಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ.

"ಇನ್ನೊಂದು ಸಲ ಹೇಳು," ಅಂದೆ.

ಅವಳು ಇನ್ನೂ ಜೋರಾಗಿ ಹೇಳಿದಳು.